ದೀರ್ಘಕಾಲೀನ ಕರುಳು ರೋಗವುಳ್ಳವರಿಗೆ ಧೂಮಪಾನ ತ್ಯಜಿಸಲು ನೆರವು – ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಕರುಳಿನ ಉರಿಯೂತ ರೋಗಕ್ಕೆ ವರ್ಷಗಟ್ಟಲೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಬೀಡಿ ಅಥವಾ ಸಿಗರೇಟು ಸೇದುವ ಅಭ್ಯಾಸವುಳ್ಳವರಿಗೆ, ಆ ಅಭ್ಯಾಸವನ್ನು ಬಿಡಲು ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ದೊರೆಯುವ ನೆರವಿನ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ. ಧೂಮಪಾನದಿಂದ ಶ್ವಾಸಕೋಶಕ್ಕೂ ಹೃದಯಕ್ಕೂ ಆಗುವ ಹಾನಿಯನ್ನು ಬಹುತೇಕ ಎಲ್ಲರೂ ಬಲ್ಲರು. ಕರುಳಿನ ಮೇಲೆ ಅದರ ಪರಿಣಾಮವಿದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಹೊಟ್ಟೆಯ ಕಾಯಿಲೆಗೆಂದು ಬರುವ ರೋಗಿಯನ್ನು ಬೀಡಿಯ ಬಗ್ಗೆ ಕೇಳುವವರೂ ಕಡಿಮೆ. ಕೇಳದೆ ತಾವಾಗಿ ಹೇಳುವ ರೋಗಿಗಳು ಇನ್ನೂ ಕಡಿಮೆ.

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಹಾಸನ ಜಿಲ್ಲೆಯ ವಿಷಯದಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕಾಗುತ್ತದೆ. ಇಲ್ಲಿ ತಂಬಾಕು ಅಂಗಡಿಯ ಸರಕು ಮಾತ್ರವಲ್ಲ, ಹೊಲದ ಬೆಳೆಯೂ ಹೌದು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಅರಕಲಗೂಡು ಮತ್ತು ಹೊಳೆನರಸೀಪುರ ತಾಲ್ಲೂಕುಗಳ ಅನೇಕ ಕುಟುಂಬಗಳು ಹೊಗೆಸೊಪ್ಪನ್ನು ಬೆಳೆದು ಹದಗೊಳಿಸಿ ಜೀವನ ಸಾಗಿಸುತ್ತಿವೆ. ಅಂತಹ ಕುಟುಂಬಗಳ ರೋಗಿಗಳಿಗಾಗಿ ಈ ಪುಟದಲ್ಲಿ ಪ್ರತ್ಯೇಕ ಭಾಗವಿದೆ.

ಈ ಮಾಹಿತಿಯು ಯಾವ ಕಾಯಿಲೆಗಳಿಗೆ ಸಂಬಂಧಿಸಿದೆ

ಇಲ್ಲಿ ಕರುಳಿನ ಉರಿಯೂತ ರೋಗವೆಂದರೆ ಮುಖ್ಯವಾಗಿ ಎರಡು ಕಾಯಿಲೆಗಳು. ಮೊದಲನೆಯದಾದ ಕ್ರೋನ್ಸ್ ಕಾಯಿಲೆಯು ಬಾಯಿಯಿಂದ ಗುದದ್ವಾರದವರೆಗೆ ಜೀರ್ಣಾಂಗದ ಯಾವ ಭಾಗದಲ್ಲಾದರೂ ಕಾಣಿಸಿಕೊಳ್ಳಬಹುದು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೆಚ್ಚು. ಕರುಳಿನ ಗೋಡೆಯ ಪೂರ್ಣ ದಪ್ಪಕ್ಕೆ ಉರಿಯೂತ ವ್ಯಾಪಿಸುವುದರಿಂದ ಕರುಳು ಕಿರಿದಾಗುವುದು, ಭಗಂದರ ಉಂಟಾಗುವುದು, ಕೀವು ತುಂಬುವುದು ಮುಂತಾದ ತೊಡಕುಗಳು ಬರುತ್ತವೆ. ಎರಡನೆಯದಾದ ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತವಾದದ್ದು. ರಕ್ತ ಮತ್ತು ಲೋಳೆ ಬೆರೆತ ಭೇದಿ, ಮಲವಿಸರ್ಜನೆಗೆ ತಡೆಯಲಾಗದ ಅವಸರ ಇದರ ಲಕ್ಷಣಗಳು. ಎರಡೂ ಕಾಯಿಲೆಗಳು ಕೆಲಕಾಲ ಶಮನವಾಗಿದ್ದು ಮತ್ತೆ ಮರುಕಳಿಸುವ ಸ್ವಭಾವದವು.

ಮಲದಲ್ಲಿ ರಕ್ತ ಕಂಡೊಡನೆ ಅದನ್ನು ಮೂಲವ್ಯಾಧಿಯೆಂದು ತಾವೇ ನಿರ್ಧರಿಸಿಕೊಂಡು ಖಾಸಗಿಯಾಗಿ ಔಷಧೋಪಚಾರ ಮಾಡಿಸಿಕೊಂಡು ವರ್ಷಗಳನ್ನು ಕಳೆಯುವವರು ಬಹಳ ಮಂದಿ ಇದ್ದಾರೆ. ನಾಲ್ಕು ವಾರಗಳಿಗೂ ಮೀರಿದ ಭೇದಿ, ರಕ್ತಸ್ರಾವ, ಕಾರಣವಿಲ್ಲದೆ ತೂಕ ಇಳಿಯುವುದು ಅಥವಾ ರಾತ್ರಿ ನಿದ್ರೆಯಿಂದ ಎಬ್ಬಿಸುವ ಭೇದಿ ಇದ್ದಲ್ಲಿ ವೈದ್ಯರಿಂದ ಪರೀಕ್ಷಿಸಿಕೊಳ್ಳುವುದು ಅವಶ್ಯ. ಕೊಲೊನೋಸ್ಕೋಪಿ ಮತ್ತು ಬಯಾಪ್ಸಿ ಇಲ್ಲದೆ ಈ ಕಾಯಿಲೆಗಳನ್ನು ಖಚಿತಪಡಿಸಲಾಗುವುದಿಲ್ಲ.

ನಮ್ಮ ದೇಶದಲ್ಲಿ ಇನ್ನೂ ಒಂದು ತೊಡಕಿದೆ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಕಾಯಿಲೆ ನೋಡಲು ಒಂದೇ ಬಗೆಯಾಗಿರುತ್ತವೆ. ಎರಡೂ ಸಣ್ಣ ಕರುಳಿನ ಕೊನೆಯ ಭಾಗವನ್ನೇ ಹಿಡಿಯುತ್ತವೆ. ಎರಡರಲ್ಲೂ ಜ್ವರ, ಹೊಟ್ಟೆನೋವು ಮತ್ತು ತೂಕ ಇಳಿಕೆ ಇರುತ್ತವೆ. ಬಯಾಪ್ಸಿಯಿಂದಲೂ ನಿರ್ಧಾರವಾಗದಿದ್ದಾಗ ವೈದ್ಯರು ಮೊದಲು ಕ್ಷಯದ ಔಷಧಿಗಳನ್ನು ಕೊಟ್ಟು ಕೆಲವು ತಿಂಗಳು ಪರಿಣಾಮವನ್ನು ಗಮನಿಸುವುದುಂಟು. ಧೂಮಪಾನಿಗಳಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಕ್ರೋನ್ಸ್ ಕಾಯಿಲೆಗೆ ನೀಡುವ ಕೆಲವು ಪ್ರಬಲ ಚುಚ್ಚುಮದ್ದುಗಳು ದೇಹದಲ್ಲಿ ಅಡಗಿರುವ ಕ್ಷಯವನ್ನು ಎಬ್ಬಿಸಬಲ್ಲವಾದ್ದರಿಂದ ಅವುಗಳನ್ನು ಆರಂಭಿಸುವ ಮೊದಲು ಕ್ಷಯದ ತಪಾಸಣೆಯನ್ನು ಮಾಡಲಾಗುತ್ತದೆ. ಹೀಗಾಗಿ ಅಂತಿಮವಾಗಿ ಕಾಯಿಲೆ ಎರಡರಲ್ಲಿ ಯಾವುದೆಂದು ತೀರ್ಮಾನವಾದರೂ ಬೀಡಿ ಬಿಟ್ಟದ್ದು ವ್ಯರ್ಥವಾಗುವುದಿಲ್ಲ. ರೋಗನಿರ್ಣಯಕ್ಕಾಗಿ ಕಾಯದೆ ಆರಂಭಿಸಬಹುದಾದ ಚಿಕಿತ್ಸೆ ಇದೊಂದೇ ಎನ್ನಬಹುದು.

ಕ್ರೋನ್ಸ್ ಕಾಯಿಲೆ ಮತ್ತು ಧೂಮಪಾನ

ಕ್ರೋನ್ಸ್ ಕಾಯಿಲೆಯ ವಿಷಯದಲ್ಲಿ ಸಂದೇಹಕ್ಕೆ ಅವಕಾಶವಿಲ್ಲ. ಧೂಮಪಾನಿಗಳಿಗೆ ಈ ಕಾಯಿಲೆ ಬರುವ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು. ಕಾಯಿಲೆ ಬಂದ ಮೇಲೂ ಸೇದುವವರಲ್ಲಿ ಅದು ಹೆಚ್ಚು ಬಾರಿ ಮರುಕಳಿಸುತ್ತದೆ. ಸ್ಟೀರಾಯ್ಡ್ ಮತ್ತು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳ ಅಗತ್ಯ ಹೆಚ್ಚುತ್ತದೆ. ಶಸ್ತ್ರಚಿಕಿತ್ಸೆಯ ಸಂದರ್ಭಗಳೂ ಹೆಚ್ಚುತ್ತವೆ. ಕರುಳಿನ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದ ನಂತರವೂ ಸೇದುವುದನ್ನು ಮುಂದುವರಿಸಿದವರಲ್ಲಿ ಜೋಡಿಸಿದ ಜಾಗದಲ್ಲಿಯೇ ಕಾಯಿಲೆ ಮತ್ತೆ ಹುಟ್ಟುವ ಸಂಭವ ಸೇದದವರಿಗಿಂತ ಎರಡು ಪಟ್ಟಿಗೂ ಮಿಗಿಲು. ಶಸ್ತ್ರಚಿಕಿತ್ಸೆಯೊಂದಿಗೆ ಎಲ್ಲವೂ ಮುಗಿಯಿತೆಂದು ತಿಳಿದು ಮನೆಗೆ ಹಿಂದಿರುಗುವ ರೋಗಿಗೆ ಬಿಡುಗಡೆಯ ದಿನವೇ ಈ ಮಾತನ್ನು ತಿಳಿಸತಕ್ಕದ್ದು.

ಬಿಟ್ಟರೆ ಆಗುವ ಲಾಭವೂ ಅಷ್ಟೇ ಸ್ಪಷ್ಟವಾಗಿದೆ. ಪ್ಯಾರಿಸ್ಸಿನ ವೈದ್ಯರು 474 ಮಂದಿ ಧೂಮಪಾನಿ ಕ್ರೋನ್ಸ್ ರೋಗಿಗಳಿಗೆ ಸಲಹೆ ಮತ್ತು ನೆರವು ನೀಡಿ, ಅದರ ಫಲಿತಾಂಶವನ್ನು 2001ರಲ್ಲಿ ಪ್ರಕಟಿಸಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟಿದ್ದವರು 59 ಮಂದಿ. ಅವರಲ್ಲಿ ಕಾಯಿಲೆ ಉಲ್ಬಣಿಸುವ ಸಂಭವವು ಸೇದುವುದನ್ನು ಮುಂದುವರಿಸಿದವರಿಗಿಂತ ಶೇ. 65ರಷ್ಟು ಕಡಿಮೆಯಾಗಿ, ಎಂದೂ ಸೇದದವರ ಮಟ್ಟಕ್ಕೆ ಇಳಿದಿತ್ತು. 474ರಲ್ಲಿ 59 ಎಂಬ ಸಂಖ್ಯೆ ಸಣ್ಣದೆಂದು ತೋರಬಹುದು. ಬಿಡುವುದು ಎಷ್ಟು ಕಷ್ಟ ಎಂಬುದಕ್ಕೂ ಅದೇ ಸಾಕ್ಷಿ. ಆದ್ದರಿಂದಲೇ ಕೇವಲ ಬುದ್ಧಿಮಾತು ಹೇಳಿ ಕಳುಹಿಸದೆ ಔಷಧಿ ಮತ್ತು ಆಪ್ತ ಸಮಾಲೋಚನೆಯನ್ನು ಒಟ್ಟಿಗೆ ನೀಡಬೇಕಾಗುತ್ತದೆ.

ಬೀಡಿ ಎಲೆಯಲ್ಲಿ ಸುತ್ತಿದ್ದು ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ನಂಬಿಕೆ ಸರಿಯಲ್ಲ. ಬೀಡಿ ಬೇಗನೆ ಆರುವುದರಿಂದ ಸೇದುವವರು ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ. ಟಾರು ಮತ್ತು ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗಿಯೇ ಒಳಸೇರುತ್ತವೆ.

ಅಲ್ಸರೇಟಿವ್ ಕೊಲೈಟಿಸ್: ಸೇದಿದರೆ ಒಳ್ಳೆಯದೆಂಬ ಮಾತಿನ ಬಗ್ಗೆ

ಈ ವಿಷಯವನ್ನು ಮುಚ್ಚಿಡದೆ ವಿವರಿಸುವುದು ಉಚಿತ. ಅಲ್ಸರೇಟಿವ್ ಕೊಲೈಟಿಸ್ ಇರುವ ಕೆಲವರು, ಬೀಡಿ ಬಿಟ್ಟ ಮೇಲೆಯೇ ತಮಗೆ ಕಾಯಿಲೆ ಬಂದಿತೆಂದೂ, ಮತ್ತೆ ಸೇದತೊಡಗಿದಾಗ ರಕ್ತ ನಿಂತಿತೆಂದೂ ಹೇಳುತ್ತಾರೆ. ಇದು ಬರಿಯ ನೆಪವಲ್ಲ. ಈ ಕಾಯಿಲೆ ಸೇದುವವರಲ್ಲಿ ಕಡಿಮೆ, ಸೇದಿ ಬಿಟ್ಟವರಲ್ಲಿ ಹೆಚ್ಚು ಎಂಬುದನ್ನು 1982ರಲ್ಲಿ ಬ್ರಿಟನ್ನಿನ ವೈದ್ಯರು ಮೊದಲಿಗೆ ವರದಿ ಮಾಡಿದರು; ಆನಂತರದ ಅನೇಕ ಅಧ್ಯಯನಗಳು ಅದನ್ನು ದೃಢಪಡಿಸಿವೆ. ಬಿಟ್ಟ ನಂತರದ ಮೊದಲ ಕೆಲವು ವರ್ಷಗಳಲ್ಲಿ ಈ ಕಾಯಿಲೆ ಹೊಸದಾಗಿ ಕಾಣಿಸಿಕೊಳ್ಳುವ ಸಂಭವ ಹೆಚ್ಚಾಗಿರುತ್ತದೆ.

ಹಾಗಾದರೆ ಸೇದುವುದನ್ನು ಮುಂದುವರಿಸಬಹುದೇ ಎಂದು ರೋಗಿಗಳು ಕೇಳುವುದು ಸಹಜ. ಮುಂದುವರಿಸಬಾರದು ಎಂಬುದೇ ವೈದ್ಯಕೀಯ ಸಲಹೆಯಾಗಿದೆ. ಧೂಮಪಾನವನ್ನು ಚಿಕಿತ್ಸೆಯೆಂದು ಪರಿಗಣಿಸಲು ಬೇಕಾದಷ್ಟು ಪ್ರಯೋಜನ ಅದರಿಂದ ಇಲ್ಲ. ಬ್ರಿಟನ್ನಿನ ಸಾವಿರಾರು ಅಲ್ಸರೇಟಿವ್ ಕೊಲೈಟಿಸ್ ರೋಗಿಗಳ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಯಿಲೆಯ ಉಲ್ಬಣ, ಸ್ಟೀರಾಯ್ಡ್ ಅವಲಂಬನೆ ಹಾಗೂ ದೊಡ್ಡ ಕರುಳನ್ನು ತೆಗೆಯಬೇಕಾದ ಸಂದರ್ಭಗಳಲ್ಲಿ ಸೇದುವವರಿಗೂ ಸೇದದವರಿಗೂ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಕಾಯಿಲೆ ಬಂದ ಮೇಲೆ ಬಿಟ್ಟವರ ಸ್ಥಿತಿಯೂ ಕೆಡಲಿಲ್ಲ. ನಿಕೋಟಿನ್ ಪಟ್ಟಿಗಳನ್ನೇ ಔಷಧಿಯಾಗಿ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಕಾಯಿಲೆಯನ್ನು ದೀರ್ಘಕಾಲ ಶಮನದಲ್ಲಿಡಲು ಅವು ಸಫಲವಾಗಲಿಲ್ಲ. ಇನ್ನೊಂದೆಡೆ, ಕರುಳಿನ ಉರಿಯೂತವುಳ್ಳವರಿಗೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಹೆಚ್ಚು. ಸ್ಟೀರಾಯ್ಡ್ ಸೇವಿಸುವವರ ಮೂಳೆಗಳು ಮೊದಲೇ ಸವೆದಿರುತ್ತವೆ. ಧೂಮಪಾನ ಇವೆರಡನ್ನೂ ಇನ್ನಷ್ಟು ಕೆಡಿಸುತ್ತದೆ. ಇತ್ತೀಚೆಗೆ ಈ ಕಾಯಿಲೆಗೆ ಬಳಕೆಗೆ ಬಂದಿರುವ ಟೋಫಾಸಿಟಿನಿಬ್ ಎಂಬ ಮಾತ್ರೆಯನ್ನು ಧೂಮಪಾನಿಗಳಿಗೆ ಮತ್ತು ದೀರ್ಘಕಾಲ ಸೇದಿದ್ದವರಿಗೆ ಕೊಡುವಾಗ ಹೃದ್ರೋಗ ಮತ್ತು ಕ್ಯಾನ್ಸರ್ ಭಯದಿಂದ ವೈದ್ಯರು ಹಿಂಜರಿಯಬೇಕಾಗುತ್ತದೆ. ಅಂದರೆ ಸೇದುವ ರೋಗಿಗೆ ಚಿಕಿತ್ಸೆಯ ಒಂದು ಬಾಗಿಲು ಅರ್ಧ ಮುಚ್ಚಿದಂತೆಯೇ.

ಆದರೂ ರೋಗಿಯ ಭಯವನ್ನು ಅಲ್ಲಗಳೆಯುವಂತಿಲ್ಲ. ಅಲ್ಸರೇಟಿವ್ ಕೊಲೈಟಿಸ್ ಇರುವವರು ಯಾರಿಗೂ ತಿಳಿಸದೆ ಏಕಾಏಕಿ ಬಿಡುವುದರ ಬದಲು ತಮ್ಮ ವೈದ್ಯರಿಗೆ ಮೊದಲೇ ತಿಳಿಸಿ, ಕಾಯಿಲೆ ಶಮನವಾಗಿರುವ ಕಾಲವನ್ನು ಆರಿಸಿಕೊಂಡು ಬಿಡುವುದು ಸೂಕ್ತ. ಮೆಸಲಮಿನ್ ಮುಂತಾದ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬಾರದು. ಬಿಟ್ಟ ದಿನದಿಂದ ಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಎಷ್ಟು ಬಾರಿ ಮಲವಿಸರ್ಜನೆಯಾಯಿತು, ರಕ್ತವಿತ್ತೇ ಎಂಬುದನ್ನು ಗುರುತು ಹಾಕುತ್ತಾ ಬಂದಲ್ಲಿ ವೈದ್ಯರಿಗೆ ಬಹಳ ಅನುಕೂಲವಾಗುತ್ತದೆ. ರಕ್ತ ಮರಳಿ ಕಂಡರೆ ಔಷಧಿಯ ಪ್ರಮಾಣವನ್ನು ಹೆಚ್ಚಿಸಲು ಸಾಧ್ಯವಿದೆ. ಬೀಡಿಯನ್ನು ಮತ್ತೆ ಹಚ್ಚುವ ಅವಶ್ಯಕತೆಯಿಲ್ಲ. ದಿನಕ್ಕೆ 6 ಅಥವಾ ಅದಕ್ಕಿಂತ ಹೆಚ್ಚು ಬಾರಿ ರಕ್ತಭೇದಿಯಾಗಿ, ಜೊತೆಗೆ ಜ್ವರ ಅಥವಾ ವೇಗದ ನಾಡಿಬಡಿತವಿದ್ದಲ್ಲಿ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ದಾಖಲಾಗತಕ್ಕದ್ದು. ವಾಹನ ಸೌಲಭ್ಯವಿಲ್ಲದವರು 108ಕ್ಕೆ ಕರೆ ಮಾಡಬಹುದು.

ಬೆಳಗಿನ ಬೀಡಿ ಮತ್ತು ಕಾಫಿ

ಬೀಡಿ ಸೇದದಿದ್ದರೆ ಬೆಳಿಗ್ಗೆ ಹೊಟ್ಟೆ ಖಾಲಿಯಾಗುವುದಿಲ್ಲ ಎಂಬ ಮಾತು ನಮ್ಮ ಊರುಗಳಲ್ಲಿ ಸರ್ವೇಸಾಮಾನ್ಯ. ನಿಕೋಟಿನ್ ಕರುಳಿನ ಚಲನೆಯನ್ನು ಪ್ರಚೋದಿಸುವುದರಿಂದ ಈ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಬಿಟ್ಟ ಮೊದಲ ವಾರಗಳಲ್ಲಿ ಕೆಲವರಿಗೆ ಮಲಬದ್ಧತೆ, ಹೊಟ್ಟೆ ಉಬ್ಬರ ಮತ್ತು ಅಲ್ಪ ನೋವು ಉಂಟಾಗುತ್ತದೆ. ಸಾಮಾನ್ಯ ಮನುಷ್ಯನಿಗೆ ಇದು ಸಣ್ಣ ತೊಂದರೆ. ಕರುಳು ರೋಗಿಗೆ ಮಾತ್ರ ಇದು ಕಾಯಿಲೆ ಮರುಕಳಿಸಿದಂತೆ ತೋರಿ ಗಾಬರಿ ಹುಟ್ಟಿಸುತ್ತದೆ. ಅನೇಕರು ಮತ್ತೆ ಸೇದಲು ಆರಂಭಿಸುವುದು ಈ ಹಂತದಲ್ಲಿಯೇ. ರಕ್ತ, ಜ್ವರ, ರಾತ್ರಿಯ ಭೇದಿ ಇಲ್ಲದೆ ಮಲಬದ್ಧತೆ ಮಾತ್ರ ಇದ್ದಲ್ಲಿ ಅದು ಬಹುಮಟ್ಟಿಗೆ ನಿಕೋಟಿನ್ ನಿಂತುದರ ಪರಿಣಾಮ. ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಆದರೆ ಕರುಳು ಕಿರಿದಾಗಿದೆಯೆಂದು ವೈದ್ಯರು ತಿಳಿಸಿರುವ ಕ್ರೋನ್ಸ್ ರೋಗಿಗಳಲ್ಲಿ ಮಲ ಮತ್ತು ವಾಯು ಎರಡೂ ನಿಂತು, ವಾಂತಿಯಾಗಿ, ಹೊಟ್ಟೆ ಬಿಗಿದರೆ ಅದು ತುರ್ತು ಸ್ಥಿತಿ. ಇಂಥವರು ಮನೆಯಲ್ಲಿ ಭೇದಿ ಔಷಧಿಯನ್ನಾಗಲಿ ನಾರಿನ ಪುಡಿಯನ್ನಾಗಲಿ ತೆಗೆದುಕೊಳ್ಳಬಾರದು.

ಕಾಫಿಯ ವಿಷಯವನ್ನು ಕಾಫಿ ಬೆಳೆಯುವ ಈ ಜಿಲ್ಲೆಯಲ್ಲಿ ಹೇಳಲೇಬೇಕಾಗಿದೆ. ಬೀಡಿಯ ಹೊಗೆಯು ಯಕೃತ್ತಿನಲ್ಲಿ ಕೆಫೀನನ್ನು ಬೇಗ ಕರಗಿಸುವಂತೆ ಮಾಡುತ್ತಿರುತ್ತದೆ. ಸೇದುವುದು ನಿಂತೊಡನೆ ಅಷ್ಟೇ ಕಾಫಿಯಿಂದ ರಕ್ತದಲ್ಲಿ ಕೆಫೀನ್ ಪ್ರಮಾಣ ಏರುತ್ತದೆ. ಎದೆ ಬಡಿತ, ನಿದ್ರಾಹೀನತೆ, ನಡುಕ, ಭೇದಿ – ಇವನ್ನು ರೋಗಿಯು ಬೀಡಿ ಬಿಟ್ಟಿದ್ದರಿಂದ ಆದದ್ದೆಂದು ತಿಳಿಯುತ್ತಾನೆ; ನಿಜವಾಗಿ ಕಾರಣ ಕಾಫಿಯಾಗಿರಬಹುದು. ಬಿಡುವ ದಿನದಿಂದಲೇ ಕಾಫಿ, ಚಹಾವನ್ನು ಅರ್ಧಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು.

ಬಿಡಲು ನೆರವಾಗುವ ಔಷಧಿಗಳು

ನಿಕೋಟಿನ್ ಚ್ಯೂಯಿಂಗ್ ಗಮ್ 2 ಮತ್ತು 4 ಮಿಲಿಗ್ರಾಂ ಪ್ರಮಾಣಗಳಲ್ಲಿ ದೊರೆಯುತ್ತದೆ. 2022ರ ರಾಷ್ಟ್ರೀಯ ಅವಶ್ಯಕ ಔಷಧಿಗಳ ಪಟ್ಟಿಗೆ ಇದನ್ನು ಸೇರಿಸಲಾಗಿದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಬೇಕಾಗುತ್ತದೆ. ಇದನ್ನು ಎಲೆ ಅಡಿಕೆಯಂತೆ ಒಂದೇ ಸಮನೆ ಜಗಿಯುವುದು ತಪ್ಪು. ಖಾರದ ರುಚಿ ಬರುವವರೆಗೆ ನಿಧಾನವಾಗಿ ಜಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಂಡು, ರುಚಿ ತಗ್ಗಿದ ಮೇಲೆ ಮತ್ತೆ ಜಗಿಯಬೇಕು. ರಸವನ್ನು ನುಂಗುತ್ತಾ ಹೋದರೆ ಬಿಕ್ಕಳಿಕೆ, ಹೊಟ್ಟೆಯುರಿ, ವಾಕರಿಕೆ ಬರುತ್ತದೆ. ಕರುಳು ರೋಗಿಗೆ ಇದು ಹೆಚ್ಚಿನ ಕಿರಿಕಿರಿ. ಜಗಿಯುವ ಮೊದಲಿನ 15 ನಿಮಿಷ ಕಾಫಿ, ಚಹಾ, ಹುಳಿ ಪಾನೀಯಗಳನ್ನು ಕುಡಿಯಬಾರದು. ಕುಡಿದರೆ ಔಷಧಿ ಹೀರಿಕೆಯಾಗುವುದಿಲ್ಲ. ಗಮ್ಮನ್ನು ನುಂಗದೆ ಉಗಿಯತಕ್ಕದ್ದು. ಕರುಳು ಕಿರಿದಾದವರು ಈ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು.

ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯು ಹೊಟ್ಟೆಯ ಮೂಲಕ ಹೋಗುವುದಿಲ್ಲವಾದ್ದರಿಂದ ಕರುಳು ರೋಗಿಗಳಿಗೆ ಹೆಚ್ಚು ಅನುಕೂಲ. ಬೆಲೆ ಮಾತ್ರ ಹೆಚ್ಚು, ಎಲ್ಲ ಔಷಧಿ ಅಂಗಡಿಗಳಲ್ಲಿ ದೊರೆಯುವುದೂ ಇಲ್ಲ.

ಬುಪ್ರೋಪಿಯಾನ್ ಮಾತ್ರೆಯನ್ನು ಬಿಡುವ ದಿನಕ್ಕೆ ಒಂದೆರಡು ವಾರ ಮೊದಲೇ ವೈದ್ಯರ ಸಲಹೆಯಂತೆ ಆರಂಭಿಸಲಾಗುತ್ತದೆ. ಮೂರ್ಛೆ ರೋಗವಿದ್ದವರಿಗೆ ಇದನ್ನು ಕೊಡುವುದಿಲ್ಲ. ಸ್ಟೀರಾಯ್ಡ್ ಮಾತ್ರೆಗಳನ್ನು ಸೇವಿಸುತ್ತಿರುವವರಲ್ಲಿ ಈ ಔಷಧಿಯಿಂದ ಫಿಟ್ಸ್ ಬರುವ ಸಂಭವ ಹೆಚ್ಚುವುದರಿಂದ, ಕರುಳು ರೋಗಿಗಳು ತಾವು ಪ್ರೆಡ್ನಿಸೋಲೋನ್ ಮುಂತಾದವನ್ನು ತೆಗೆದುಕೊಳ್ಳುತ್ತಿರುವುದನ್ನು ಮರೆಯದೆ ತಿಳಿಸಬೇಕು. ಇದು ನಿಧಾನವಾಗಿ ಕರಗುವ ಮಾತ್ರೆಯಾದ್ದರಿಂದ, ಕರುಳಿನ ದೊಡ್ಡ ಭಾಗವನ್ನು ತೆಗೆಸಿಕೊಂಡವರೂ ಆ ಸಂಗತಿಯನ್ನು ವೈದ್ಯರಿಗೆ ಹೇಳತಕ್ಕದ್ದು. ವರೆನಿಕ್ಲಿನ್ ಎಂಬ ಮಾತ್ರೆಯನ್ನು ಬಿಡುವ ದಿನಕ್ಕೆ ಒಂದು ವಾರ ಮೊದಲು ಆರಂಭಿಸಿ 12 ವಾರ ಮುಂದುವರಿಸುವುದು ವಾಡಿಕೆ. ವಾಕರಿಕೆ ಇದರ ಸಾಮಾನ್ಯ ತೊಂದರೆ. ಊಟದ ನಂತರ ತುಂಬು ಲೋಟ ನೀರಿನೊಂದಿಗೆ ಸೇವಿಸಿದಲ್ಲಿ ತಗ್ಗುತ್ತದೆ.

ಬೀಡಿಯ ಬದಲು ಕಡ್ಡಿಪುಡಿ, ಹೊಗೆಸೊಪ್ಪು ಅಥವಾ ಇನ್ನಾವುದಾದರೂ ಜಗಿಯುವ ತಂಬಾಕನ್ನು ಹಿಡಿಯುವುದು ಬಿಟ್ಟಂತಾಗುವುದಿಲ್ಲ. ನಿಕೋಟಿನ್ ಚಟ ಹಾಗೆಯೇ ಉಳಿದು ಬಾಯಿಯ ಕ್ಯಾನ್ಸರಿನ ಅಪಾಯ ಸೇರಿಕೊಳ್ಳುತ್ತದೆ. ಇ-ಸಿಗರೇಟುಗಳ ಮಾರಾಟವನ್ನು 2019ರ ಕೇಂದ್ರ ಕಾಯ್ದೆಯಡಿ ನಿಷೇಧಿಸಲಾಗಿದೆ.

ಹೊಗೆಸೊಪ್ಪು ಬೆಳೆಯುವ ಕುಟುಂಬಗಳ ರೋಗಿಗಳಿಗೆ

ತಾವೇ ಬೆಳೆದದ್ದನ್ನು ಸೇದಬೇಡವೆಂದು ಹೇಳಿಸಿಕೊಳ್ಳಲು ಮುಜುಗರಪಟ್ಟು ಆಸ್ಪತ್ರೆಗೆ ಬಾರದಿರುವ ಬೆಳೆಗಾರರೂ ಇದ್ದಾರೆ. ಚಿಕಿತ್ಸೆಗೂ ಬೆಳೆಯ ಪರವಾನಗಿಗೂ ಯಾವ ಸಂಬಂಧವೂ ಇರುವುದಿಲ್ಲ. ರೋಗಿಯ ದಾಖಲೆಗಳನ್ನು ತಂಬಾಕು ಮಂಡಳಿಗೆ ಕಳುಹಿಸುವ ಪದ್ಧತಿಯೂ ಇಲ್ಲ.

ಮಳೆ ಅಥವಾ ಇಬ್ಬನಿಯಿಂದ ಒದ್ದೆಯಾದ ಹಸಿ ಎಲೆಯನ್ನು ಮುರಿಯುವಾಗ, ಹೊರುವಾಗ, ಕೋಲಿಗೆ ಕಟ್ಟುವಾಗ ಎಲೆಯಲ್ಲಿನ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ದೇಹವನ್ನು ಸೇರುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ, ಹೊಟ್ಟೆ ಹಿಂಡಿದಂತಹ ನೋವು, ಕೆಲವೊಮ್ಮೆ ಭೇದಿ ಇದರ ಲಕ್ಷಣಗಳು. ಕರುಳು ರೋಗಿಯು ಇದನ್ನು ಕಾಯಿಲೆ ಮರುಕಳಿಸಿದೆಯೆಂದು ತಪ್ಪಾಗಿ ಭಾವಿಸಬಹುದು; ವೈದ್ಯರೂ ಸಹ, ಹೊಲದ ಕೆಲಸದ ವಿಷಯ ತಿಳಿಯದಿದ್ದಲ್ಲಿ ಹಾಗೆಯೇ ಭಾವಿಸಿ ಸ್ಟೀರಾಯ್ಡ್ ಹೆಚ್ಚಿಸಬಹುದು. ಆದುದರಿಂದ ಎಲೆ ಮುರಿದ ದಿನವೇ ತೊಂದರೆ ಆರಂಭವಾಗಿದ್ದರೆ ಆ ವಿಷಯವನ್ನು ತಪ್ಪದೆ ತಿಳಿಸಬೇಕು. ಎಲೆ ಒಣಗಿದ ಮೇಲೆ ಮುರಿಯುವುದು, ಕೈಗವಸು ಹಾಗೂ ಪ್ಲಾಸ್ಟಿಕ್ ಹೊದಿಕೆ ಧರಿಸುವುದು, ಒದ್ದೆ ಬಟ್ಟೆಯನ್ನು ಕೂಡಲೇ ಬದಲಿಸಿ ಸೋಪಿನಿಂದ ತೊಳೆದುಕೊಳ್ಳುವುದು ಇದಕ್ಕೆ ಪರಿಹಾರ. ನಿಕೋಟಿನ್ ಪಟ್ಟಿಯನ್ನು ಬಳಸುತ್ತಿರುವವರು ಒದ್ದೆ ಎಲೆಯ ಕೆಲಸಕ್ಕೆ ಇಳಿದರೆ ಎರಡು ಕಡೆಯಿಂದ ನಿಕೋಟಿನ್ ಸೇರಿ ಪ್ರಮಾಣ ಮೀರಬಹುದು. ಆ ದಿನಗಳ ಬಗ್ಗೆ ಮುಂಚಿತವಾಗಿ ವೈದ್ಯರನ್ನು ವಿಚಾರಿಸುವುದು ಒಳಿತು.

ಬಿಡುವ ದಿನವನ್ನು ಆರಿಸಿಕೊಳ್ಳುವಾಗ ಬೆಳೆಯ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬ್ಯಾರನ್ ಮುಂದೆ ಬೆಂಕಿ ನೋಡಿಕೊಳ್ಳುತ್ತಾ ರಾತ್ರಿಯಿಡೀ ಎಚ್ಚರವಿರುವ ವಾರಗಳಲ್ಲಿಯೂ, ಹರಾಜಿನ ದರದ ಚಿಂತೆಯಿರುವ ದಿನಗಳಲ್ಲಿಯೂ ಮೊದಲ ಪ್ರಯತ್ನ ಕೈಗೂಡುವುದು ಕಷ್ಟ. ನಾಟಿಗೆ ಮುಂಚಿನ ಬೇಸಿಗೆಯ ಬಿಡುವು ಇದಕ್ಕಿಂತ ಮೇಲು. ಆದರೆ ಶಸ್ತ್ರಚಿಕಿತ್ಸೆ ನಿಗದಿಯಾಗಿರುವವರು ಯಾವ ಕಾಲಕ್ಕೂ ಕಾಯುವಂತಿಲ್ಲ. ಗಾಯ ಮತ್ತು ಕರುಳಿನ ಜೋಡಣೆ ಸರಿಯಾಗಿ ಮಾಯಲು ಕನಿಷ್ಠ 4 ವಾರ ಮೊದಲೇ ಬಿಟ್ಟಿರುವುದು ಅಪೇಕ್ಷಣೀಯ.

ಸೇವೆಯನ್ನು ಪಡೆಯುವ ವಿಧಾನ

ಈ ಸೇವೆಗೆ ಪ್ರತ್ಯೇಕ ಅರ್ಜಿ ನಮೂನೆಯಿಲ್ಲ. ನಾಡ ಕಚೇರಿಯಲ್ಲಾಗಲಿ ತಾಲ್ಲೂಕು ಕಚೇರಿಯಲ್ಲಾಗಲಿ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ. ಆಸ್ಪತ್ರೆಯ ಹೊರರೋಗಿ ಚೀಟಿಯೇ ಸಾಕು. ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ನಿವಾಸಿಗಳು ಆಯಾ ತಾಲ್ಲೂಕಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಗಳನ್ನು ಕಂಡು, ಅಸಾಂಕ್ರಾಮಿಕ ರೋಗಗಳ ಘಟಕದ ಆಪ್ತ ಸಮಾಲೋಚಕರ ಬಗ್ಗೆ ವಿಚಾರಿಸಬಹುದು. ಹಾಸನ ತಾಲ್ಲೂಕಿನವರು ಹಾಗೂ ತಜ್ಞರ ಅಭಿಪ್ರಾಯ ಬೇಕಾದವರು ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ತಂಬಾಕು ವ್ಯಸನ ಬಿಡಿಸುವ ಸಲಹೆಯನ್ನು ಜಿಲ್ಲಾ ಮಟ್ಟದಲ್ಲಿ ಒದಗಿಸಲಾಗುತ್ತದೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜೀರ್ಣಾಂಗ ರೋಗಗಳಿಗೆಂದೇ ಸರ್ಕಾರಿ ಸಂಸ್ಥೆಯೊಂದಿದೆ.

ಮೊದಲ ಭೇಟಿಗೆ ಹಿಂದಿನ ಕೊಲೊನೋಸ್ಕೋಪಿ ಮತ್ತು ಬಯಾಪ್ಸಿ ವರದಿಗಳು, ಶಸ್ತ್ರಚಿಕಿತ್ಸೆಯಾಗಿದ್ದಲ್ಲಿ ಬಿಡುಗಡೆ ಪತ್ರ, ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳು, ಆಧಾರ್ ಮತ್ತು ಪಡಿತರ ಚೀಟಿಯನ್ನು ತರತಕ್ಕದ್ದು. ಔಷಧಿಯ ಹೆಸರು ನೆನಪಿಲ್ಲದವರು ಖಾಲಿ ಹಾಳೆಯನ್ನಾದರೂ ತಂದರೆ ಸಾಕು. ಪಡಿತರ ಚೀಟಿಯು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಗೆ ಸಂಬಂಧಿಸಿದ್ದು. 2018ರಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗಿನ ಚಿಕಿತ್ಸೆಯ ಸೌಲಭ್ಯವಿದೆ. ಕರುಳಿನ ಶಸ್ತ್ರಚಿಕಿತ್ಸೆಯ ಸಂದರ್ಭ ಬಂದಾಗ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಬೇಕೇ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು. ಪತ್ರವಿಲ್ಲದೆ ದಾಖಲಾಗಿ ನಂತರ ಹಣ ವಾಪಸು ಕೇಳಿದರೆ ಪ್ರಯೋಜನವಾಗುವುದಿಲ್ಲ. ಯೋಜನೆಯ ವಿವರಗಳಿಗೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು.

ಪದೇ ಪದೇ ಶೌಚಕ್ಕೆ ಹೋಗಬೇಕಾದ ರೋಗಿಗಳಿಗೆ ಬಸ್ಸಿನಲ್ಲಿ ಪ್ರಯಾಣ ಮಾಡಿ ಆಸ್ಪತ್ರೆಗೆ ಬರುವುದೇ ದೊಡ್ಡ ಸಂಕಟವೆಂಬುದು ತಿಳಿದ ವಿಷಯ. ಅಂತಹವರು ದೂರವಾಣಿ ಮೂಲಕವೇ ಸಮಾಲೋಚನೆ ಪಡೆಯಬಹುದು. ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿಯ ಸಂಖ್ಯೆ 1800-11-2356, ಕರೆ ಉಚಿತ. 2016ರಲ್ಲಿ ಆರಂಭವಾದ ಈ ಸಹಾಯವಾಣಿಯ ದಕ್ಷಿಣ ಭಾರತದ ಕೇಂದ್ರವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದು, ಕನ್ನಡದಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು 2018ರಿಂದ ಸಿಗರೇಟು ಮತ್ತು ಬೀಡಿಯ ಕಟ್ಟುಗಳ ಮೇಲೆಯೇ ಮುದ್ರಿಸಲಾಗುತ್ತಿದೆ. ಕರೆ ಮಾಡಿದಾಗ ತಮಗೆ ಕರುಳಿನ ಕಾಯಿಲೆ ಇದೆ ಎಂಬುದನ್ನು, ಯಾವ ಕಾಯಿಲೆ ಎಂಬುದರ ಸಮೇತ, ಆರಂಭದಲ್ಲಿಯೇ ಹೇಳುವುದು ಮುಖ್ಯ. ಮೇಲೆ ತಿಳಿಸಿದಂತೆ ಸಲಹೆ ಅದನ್ನು ಅವಲಂಬಿಸಿದೆ. ಬಿಟ್ಟ ನಂತರ ಮನಸ್ಸು ಕುಗ್ಗಿದಲ್ಲಿ, ನಿದ್ರೆ ಬಾರದಿದ್ದಲ್ಲಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಬಹುದು.

ಆಸ್ಪತ್ರೆಯ ಆವರಣವೂ ಸೇರಿದಂತೆ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದು 2003ರ ಕಾಯ್ದೆಯಡಿ ಅಪರಾಧ. 2025ರಲ್ಲಿ ಜಾರಿಗೆ ಬಂದ ಕರ್ನಾಟಕ ತಿದ್ದುಪಡಿಯಂತೆ ದಂಡವು 1,000 ರೂ. ವರೆಗೆ ಇರುತ್ತದೆ, ಇದು ರೋಗಿಗಳ ಜೊತೆಯಲ್ಲಿ ಬರುವವರಿಗೂ ಅನ್ವಯಿಸುತ್ತದೆ.

ಮತ್ತೆ ಸೇದಿದವರು ಹಾಗೂ ಇತರ ಔಷಧಿ ಸೇವಿಸುವವರು

ನಿಕೋಟಿನ್ ಬಿಟ್ಟಾಗಿನ ಸಿಟ್ಟು, ಚಡಪಡಿಕೆ, ಹಂಬಲ ಮೊದಲ 2-3 ದಿನಗಳಲ್ಲಿ ತೀವ್ರವಾಗಿದ್ದು 2ರಿಂದ 4 ವಾರಗಳಲ್ಲಿ ತಗ್ಗುತ್ತವೆ. ಈ ನಡುವೆ ಮದುವೆ, ತಿಥಿ, ಜಾತ್ರೆಗಳಲ್ಲಿ ಯಾರೋ ಕೊಟ್ಟ ಒಂದು ಬೀಡಿಯಿಂದ ಪ್ರಯತ್ನ ಮುರಿದುಬೀಳುವುದು ಸಾಮಾನ್ಯ. ಅನೇಕರು ಹಲವು ಬಾರಿ ಪ್ರಯತ್ನಿಸಿದ ನಂತರವೇ ಪೂರ್ಣವಾಗಿ ಬಿಡುತ್ತಾರೆ. ಮತ್ತೆ ಸೇದಿದವರಿಗೆ ಸೇವೆಯನ್ನು ನಿರಾಕರಿಸಲಾಗುವುದಿಲ್ಲ. ಅದೇ ಚೀಟಿಯೊಂದಿಗೆ ಮರಳಿ ಬರಬಹುದು. ಕರುಳಿನ ಔಷಧಿಯನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬಾರದು. ಸೇದಿದ್ದನ್ನು ಹೇಳಲು ನಾಚಿ ತಪಾಸಣೆಗೇ ಬಾರದೆ, ಅಜಾಥಯೋಪ್ರಿನ್ ಸೇವಿಸುವವರು ಮಾಡಿಸಬೇಕಾದ ರಕ್ತಪರೀಕ್ಷೆಯನ್ನೂ ತಪ್ಪಿಸಿಕೊಳ್ಳುವವರಿದ್ದಾರೆ. ಇದರಿಂದ ಆಗುವ ಅಪಾಯ ಆ ಒಂದು ಬೀಡಿಯದಕ್ಕಿಂತ ದೊಡ್ಡದು.

ಉಬ್ಬಸಕ್ಕೆ ಥಿಯೋಫಿಲಿನ್ ಇರುವ ಮಾತ್ರೆಗಳನ್ನು, ಮಾನಸಿಕ ಕಾಯಿಲೆಗೆ ಓಲಾಂಜಪಿನ್ ಅಥವಾ ಕ್ಲೋಜಪಿನ್ ಮಾತ್ರೆಗಳನ್ನು ಸೇವಿಸುತ್ತಿರುವವರು ಬೀಡಿ ಬಿಡುವ ದಿನವನ್ನು ಆಯಾ ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಕೆಫೀನಿನಂತೆಯೇ ಈ ಔಷಧಿಗಳ ಪ್ರಮಾಣವೂ ಹೊಗೆ ನಿಂತ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಏರುವುದರಿಂದ ಮಾತ್ರೆಯ ಪ್ರಮಾಣವನ್ನು ತಗ್ಗಿಸಬೇಕಾಗಬಹುದು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲ ವಾರಗಳಲ್ಲಿ ರಕ್ತದ ಸಕ್ಕರೆಯನ್ನು ಎಂದಿಗಿಂತ ಹೆಚ್ಚು ಬಾರಿ ಪರೀಕ್ಷಿಸಿಕೊಳ್ಳಬೇಕು.